ಕ್ಯಾಬ್ರಿನಿ ಕೊಟ್ಟದ್ದು ಬರೀ ಕರುಣೆಯಲ್ಲ
1889ರ ಮಾರ್ಚ್‌ನಲ್ಲಿ ಇಟಲಿಯ ಕ್ಯಾಥೊಲಿಕ್ ಸನ್ಯಾಸಿನಿ ಮದರ್ ಕ್ಯಾಬ್ರಿನಿ ಆರು ಸಿಸ್ಟರ್‌ಗಳೊಂದಿಗೆ ನ್ಯೂಯಾರ್ಕ್‌ಗೆ ಬಂದಿಳಿದಾಗ, ಅಲ್ಲಿನ ಆರ್ಚ್‌ಬಿಷಪ್ ಕಾರಿಗನ್ ಇಟಲಿಗೆ ವಾಪಸ್ ಹೋಗಿ ಎಂದರು. ಆಕೆ ಹೋಗಲಿಲ್ಲ. ಚೀನಾಕ್ಕೆ ಹೋಗಬೇಕೆಂದಿದ್ದ ಆಕೆಯನ್ನು ಪಶ್ಚಿಮಕ್ಕೆ ತಿರುಗಿಸಿದ್ದೇ ಪೋಪ್ 13ನೇ ಲಿಯೋ; ಆ ಬಲ ಬೆನ್ನಿಗಿತ್ತು ಅನ್ನಿ. ಬಡ ಇಟಾಲಿಯನ್ ವಲಸಿಗರಿಗೆ ಆಕೆ ಕೊಟ್ಟದ್ದು ಬರೀ ಕರುಣೆಯಲ್ಲ, ಸಂಸ್ಥೆಗಳನ್ನು. ದಾನದ ಊಟ ಒಂದು ಹೊತ್ತಿಗೆ ಮುಗಿಯುತ್ತದೆ. ಅನಾಥಾಲಯ, ಶಾಲೆ, 1892ರ ಕೊಲಂಬಸ್ ಆಸ್ಪತ್ರೆ ಮುಂದಿನ ಹಡಗುಗಳಲ್ಲಿ ಬಂದವರಿಗೂ ಉಳಿದವು.

ಇದೆಲ್ಲ ವಲಸಿಗರು ಪ್ರೊಟೆಸ್ಟಂಟರಾಗದಂತೆ ತಡೆಯುವ ಉಪಾಯವಲ್ಲವೇ? ಆ ಆತಂಕ ಚರ್ಚ್‌ಗೆ ಇದ್ದದ್ದು ನಿಜ, ಮುಚ್ಚಿಡಬೇಕಿಲ್ಲ. ಆದರೆ ಉದ್ದೇಶ ಧಾರ್ಮಿಕವಾದ ಮಾತ್ರಕ್ಕೆ, ಇಂಗ್ಲಿಷ್ ಬಾರದ ಕೂಲಿಯವನಿಗೆ ತನ್ನ ಭಾಷೆಯಲ್ಲೇ ನೋವು ಹೇಳಿಕೊಳ್ಳಲು ಸಿಕ್ಕ ಹಾಸಿಗೆ ಸುಳ್ಳಾಗುವುದಿಲ್ಲ. 1917ರಲ್ಲಿ ಆಕೆ ಶಿಕಾಗೋದಲ್ಲಿ ತೀರಿಕೊಳ್ಳುವ ಹೊತ್ತಿಗೆ ಸಂಸ್ಥೆಗಳು 67 ಆಗಿದ್ದವು, ಲ್ಯಾಟಿನ್ ಅಮೆರಿಕಕ್ಕೂ ಹಬ್ಬಿದ್ದವು.