ತಪ್ಪು ಮಾಡದವನಿಗೆ ವಕೀಲರು ಯಾಕೆ?

ಮೊನ್ನೆ ಮದ್ರಸ ಬಿಟ್ಟ ಮೇಲೆ ಒಬ್ಬ ತಂದೆ ಬಂದು ಕುಳಿತರು. ಮಗನಿಗೆ ಠಾಣೆಯಿಂದ ಫೋನ್ ಬಂದಿತ್ತು, ವಿಚಾರಣೆಗೆ ಬಾ ಅಂದಿದ್ದರು. "ಉಸ್ತಾದ್, ನನ್ನ ಮಗ ಏನೂ ಮಾಡಿಲ್ಲ. ವಕೀಲರನ್ನು ಕರ್ಕೊಂಡು ಹೋದ್ರೆ ಏನೋ ಮಾಡಿದ್ದಾನೆ ಅಂತಲೇ ತಿಳ್ಕೊಳ್ಳಲ್ವಾ?" ಎಂದು ಕೇಳಿದರು.

ಊರಿನಿಂದ ದೂರ ಬಂದು ಕೊಳ್ಳೇಗಾಲ, ಹನೂರು, ಯಳಂದೂರು ಕಡೆ ನೆಲೆಸಿರುವ ನಮ್ಮವರಲ್ಲಿ ಈ ಹೆದರಿಕೆ ಇದ್ದೇ ಇದೆ. ಅದಕ್ಕೆ ನಾನು ಅವರಿಗೆ ಡಾ. ಮುಹಮ್ಮದ್ ಹನೀಫ್ ಅವರ ವಿಷಯ ಹೇಳಿದೆ.

ನಮ್ಮ ಚಿಕ್ಕಮಗಳೂರು ಜಿಲ್ಲೆಯ ಮೂಡಿಗೆರೆಯಲ್ಲಿ ಬೆಳೆದ ವೈದ್ಯರು ಅವರು. 2007ರ ಜುಲೈ 2ರಂದು, ಹೆತ್ತ ಮಗುವಿನ ಮುಖ ನೋಡಲು ಬೆಂಗಳೂರಿಗೆ ಹೊರಟಾಗ ಆಸ್ಟ್ರೇಲಿಯಾದ ಬ್ರಿಸ್ಬೇನ್ ವಿಮಾನ ನಿಲ್ದಾಣದಲ್ಲಿ ಬಂಧನವಾಯಿತು. ಕಾರಣ, ಬ್ರಿಟನ್ ಬಿಡುವಾಗ ಸಂಬಂಧಿಕನಿಗೆ ಕೊಟ್ಟ ಒಂದು ಸಿಮ್ ಕಾರ್ಡ್. ಮುಚ್ಚಿಡುವಂಥದ್ದು ಏನೂ ಇರಲಿಲ್ಲ, ಮೊದಲ ವಿಚಾರಣೆಗೆ ವಕೀಲರಿಲ್ಲದೆಯೇ ಕುಳಿತರು. ಆದರೂ 12 ದಿನ ಆರೋಪ ಹೊರಿಸದೆ ಇಟ್ಟುಕೊಂಡರು. ಆ ಸಿಮ್ ಗ್ಲಾಸ್ಗೋದಲ್ಲಿ ದಾಳಿ ಮಾಡಿದ ಜೀಪಿನಲ್ಲಿ ಸಿಕ್ಕಿತು ಎಂದು ಕೋರ್ಟಿಗೆ ಹೇಳಲಾಯಿತು. ನಿಜವಾಗಿ ಅದು ಸಿಕ್ಕಿದ್ದು ಲಿವರ್‌ಪೂಲ್‌ನಲ್ಲಿ. ವಕೀಲರು ಬಂದ ಮೇಲೆ ಜಾಮೀನು ಕೇಳಿದರು, ವಿಚಾರಣೆಯ ದಾಖಲೆಯನ್ನು ಜನರ ಮುಂದಿಟ್ಟರು. ಜುಲೈ 27ಕ್ಕೆ ಕೇಸು ಬಿದ್ದುಹೋಯಿತು. 2010ರಲ್ಲಿ ಅಲ್ಲಿನ ಸರಕಾರ ಪರಿಹಾರವನ್ನೂ ಕೊಟ್ಟಿತು.

ಇದರಲ್ಲಿ ಪಾಠ ಏನು? ನಿರಪರಾಧಿಯ ಹತ್ತಿರ ಸತ್ಯ ಇರುತ್ತದೆ, ಆದರೆ ಅದನ್ನು ಕಾನೂನಿನ ಭಾಷೆಯಲ್ಲಿ ಹೇಳಲು ಅವನಿಗೆ ಬರುವುದಿಲ್ಲ. ಗಾಬರಿಯಲ್ಲಿ ತಾರೀಕು ತಪ್ಪಿದರೂ ಅದು ಸುಳ್ಳಿನಂತೆ ಕಾಣುತ್ತದೆ.

ಮೂಸಾ ನಬಿ(ಅ) ಫಿರ್‌ಔನನ ಬಳಿ ಹೋಗುವಾಗ, ನನಗಿಂತ ಸ್ಪಷ್ಟವಾಗಿ ಮಾತನಾಡುವ ಹಾರೂನ್(ಅ)ರನ್ನು ಜೊತೆಗೆ ಕಳಿಸು ಎಂದು ಅಲ್ಲಾಹನಲ್ಲಿ ಬೇಡಿದ್ದು ಸೂರಃ ಕಸಸ್‌ನಲ್ಲಿದೆ. ಮೂಸಾ ನಬಿ ಸತ್ಯವಂತರಾಗಿರಲಿಲ್ಲವೇ? ನಮ್ಮ ಶಾಫಿಈ ಕಿತಾಬುಗಳಲ್ಲಿ 'ವಕಾಲತ್' ಎಂಬ ಅಧ್ಯಾಯವೇ ಇದೆ. ವಕೀಲ ಎಂಬ ಪದ ಬಂದಿರುವುದೂ ಅಲ್ಲಿಂದಲೇ. ನಿಕಾಹ್‌ಗೆ ವಕಾಲತ್ ಕೊಡುವ ನಾವು ಠಾಣೆಯ ವಿಷಯಕ್ಕೆ ಯಾಕೆ ಹಿಂಜರಿಯಬೇಕು? ಆದರೆ ವಕೀಲರನ್ನು ಇಡುವುದು ಸತ್ಯ ಕಾಪಾಡಲು, ಸುಳ್ಳು ಕಟ್ಟಲು ಅಲ್ಲ.

ಸಂವಿಧಾನದ 22ನೇ ವಿಧಿ ಬಂಧಿತನಿಗೆ ತನ್ನ ಇಷ್ಟದ ವಕೀಲರನ್ನು ಕಾಣುವ ಹಕ್ಕು ಕೊಟ್ಟಿದೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ನಾಗರಿಕ ಸುರಕ್ಷಾ ಸಂಹಿತೆಯ ಕೆಲವು ಮಾತು ಮನೆಯವರಿಗೆಲ್ಲ ಗೊತ್ತಿರಲಿ:

• ಕಲಂ 35ರ ನೋಟಿಸ್ ಬಂದರೆ ತಪ್ಪಿಸಿಕೊಳ್ಳಬೇಡಿ. ಹೇಳಿದ ದಿನ ಹೋದರೆ ಸಾಮಾನ್ಯವಾಗಿ ಬಂಧಿಸುವಂತಿಲ್ಲ. ಬಂಧಿಸಬೇಕಾದರೆ ಪೊಲೀಸರು ಕಾರಣ ಬರೆಯಬೇಕು.
• ಬಂಧನವಾದರೆ ವಿಚಾರಣೆ ವೇಳೆ ವಕೀಲರನ್ನು ಕಾಣಬಹುದು, ಆದರೆ ಅವರು ಉದ್ದಕ್ಕೂ ಪಕ್ಕದಲ್ಲಿ ಇರಲಾಗದು. ಹಾಗಾಗಿ ಮೊದಲೇ ಮಾತಾಡಿಕೊಳ್ಳಿ.
• ಬಂಧನದ ಕಾರಣ ಹೇಳಬೇಕು, ಮನೆಯವರಿಗೆ ತಿಳಿಸಬೇಕು, 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕು.
• ತನಿಖೆಯಲ್ಲಿ ಬರೆದುಕೊಂಡ ಹೇಳಿಕೆಗೆ ಸಹಿ ಹಾಕಬೇಕಿಲ್ಲ. ಖಾಲಿ ಕಾಗದಕ್ಕಂತೂ ಬೇಡವೇ ಬೇಡ.
• ಸಾಕ್ಷಿಯಾಗಿ ಕರೆದರೆ ಹೆಂಗಸರು, 60 ದಾಟಿದವರು ಠಾಣೆಗೇ ಹೋಗಬೇಕೆಂದಿಲ್ಲ, ಮನೆಯಲ್ಲೇ ಹೇಳಿಕೆ ಕೊಡಬಹುದು.

"ಫೀಸಿಗೆ ಎಲ್ಲಿಂದ ತರೋದು ಉಸ್ತಾದ್?" ಎಂದರು ಆ ತಂದೆ. ಹೆಂಗಸರಿಗೆ, ಮಕ್ಕಳಿಗೆ, ಬಂಧನದಲ್ಲಿ ಇರುವವರಿಗೆ, ಆದಾಯ ಕಡಿಮೆ ಇರುವವರಿಗೆ ಸರಕಾರವೇ ಉಚಿತ ವಕೀಲರನ್ನು ಕೊಡುತ್ತದೆ. 15100ಕ್ಕೆ ಫೋನ್ ಮಾಡಬಹುದು. ಕೊಳ್ಳೇಗಾಲ, ಯಳಂದೂರಿನ ಕೋರ್ಟಿನಲ್ಲಿ ತಾಲೂಕು ಕಾನೂನು ಸೇವಾ ಸಮಿತಿಯನ್ನು ವಿಚಾರಿಸಿ. ಹನೂರಿನವರು ಕೊಳ್ಳೇಗಾಲಕ್ಕೆ ಬರಬಹುದು.

ಆ ತಂದೆ ಸಂಜೆಯೇ ಮಗನನ್ನು ಕರೆದುಕೊಂಡು ವಕೀಲರ ಬಳಿ ಹೋದರು. ಜಮಾಅತ್ ಕಮಿಟಿಯವರಲ್ಲಿ ನನ್ನದೊಂದು ವಿನಂತಿ: ಮಸೀದಿಯ ನೋಟಿಸ್ ಬೋರ್ಡಿನಲ್ಲಿ ನಮಾಝ್ ಸಮಯದ ಪಕ್ಕ ಒಬ್ಬ ನಂಬಿಕಸ್ಥ ವಕೀಲರ ನಂಬರ್ ಕೂಡ ಬರೆದಿಡಿ. ಯಾರಿಗೂ ಬೇಕಾಗದೇ ಇರಲಿ ಎಂದು ದುಆ ಮಾಡೋಣ. ಬೇಕಾದಾಗ ಹುಡುಕಾಡುವ ಗತಿ ಬರಬಾರದು.