ಹರಾಜಿನ ಹಳೆಯ ಬೀಡುಕಬ್ಬಿಣ: ಅಡುಗೆಗೆ ಯೋಗ್ಯವೇ?

ಶ್ರೀಮಠದ ಭಕ್ತರ ಮನೆಗಳಲ್ಲಿ ಅನೇಕರ ಮಕ್ಕಳು ಈಗ ಅಮೆರಿಕದಲ್ಲಿ ನೆಲೆಸಿದ್ದಾರೆ. ಅಲ್ಲಿಂದ ಈಚೆಗೆ ಒಂದೇ ಬಗೆಯ ಪ್ರಶ್ನೆ ಮತ್ತೆ ಮತ್ತೆ ಬರುತ್ತಿದೆ. ಅಂತರಜಾಲದ ಹರಾಜಿನಲ್ಲಿ ನೂರು ವರ್ಷದಷ್ಟು ಹಳೆಯವೆಂದು ಹೇಳಲಾಗುವ ಬೀಡುಕಬ್ಬಿಣದ ಬಾಣಲೆ, ಹಂಚುಗಳು ದೊರೆಯುತ್ತವೆ. ತಯಾರಕರ ಮುದ್ರೆ ಇಲ್ಲದವುಗಳಿಗೆ ಬೆಲೆಯೂ ಕಡಿಮೆ. ಅವನ್ನು ತಿಕ್ಕಿ ತೊಳೆದು ದೋಸೆ, ರೊಟ್ಟಿಗೆ ಬಳಸಬಹುದೇ? ಕಳೆದ ತಿಂಗಳು ಬರೆದ ತಾಯಿಯೊಬ್ಬರು ತಮ್ಮ ಎರಡು ವರ್ಷದ ಮಗುವಿಗೆ ರಕ್ತಹೀನತೆ ಇರುವುದರಿಂದಲೇ ಇಂತಹ ಪಾತ್ರೆಯೊಂದನ್ನು ಕೊಂಡಿರುವುದಾಗಿ ತಿಳಿಸಿದ್ದಾರೆ. ಅವರಿಗೆ ಕೊಟ್ಟ ಉತ್ತರವನ್ನೇ ಕೊಂಚ ವಿಸ್ತರಿಸಿ ಇಲ್ಲಿ ಕೊಡುತ್ತಿದ್ದೇನೆ.

ಕಬ್ಬಿಣದ ಪಾತ್ರೆಯಿಂದ ಆಹಾರಕ್ಕೆ ಕಬ್ಬಿಣಾಂಶ ಸೇರುವುದು ನಿಜ. ಇಥಿಯೋಪಿಯಾದಲ್ಲಿ ನಡೆದು 1999ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಅಲ್ಯೂಮಿನಿಯಂ ಪಾತ್ರೆಯ ಅಡುಗೆ ಉಂಡ ಮಕ್ಕಳಿಗಿಂತ ಕಬ್ಬಿಣದ ಪಾತ್ರೆಯ ಅಡುಗೆ ಉಂಡ ಮಕ್ಕಳಲ್ಲಿ ಹಿಮೋಗ್ಲೋಬಿನ್ ಹೆಚ್ಚು ಏರಿದ್ದು ಕಂಡುಬಂದಿತು. ಆದರೆ ಹುಳಿ ಮತ್ತು ನೀರಿನಂಶವಿದ್ದು ಹೆಚ್ಚು ಹೊತ್ತು ಬೇಯುವ ಪದಾರ್ಥಕ್ಕೆ ಮಾತ್ರ ಕಬ್ಬಿಣ ಹೇರಳವಾಗಿ ಇಳಿಯುತ್ತದೆ. ಎರಡು ನಿಮಿಷದಲ್ಲಿ ಬೇಯುವ ಒಣ ರೊಟ್ಟಿಗೆ ಇಳಿಯುವುದು ಅತ್ಯಲ್ಪ. ಎಣ್ಣೆಯಿಂದ ಚೆನ್ನಾಗಿ ಪಳಗಿದ ಪಾತ್ರೆಯಲ್ಲಿ ಇನ್ನೂ ಕಡಿಮೆ. ಆದುದರಿಂದ ಪಾಂಡುರೋಗಕ್ಕೆ ಬಾಣಲೆಯೇ ಔಷಧವೆಂದು ನಂಬಿ ವೈದ್ಯರ ಚಿಕಿತ್ಸೆಯನ್ನು ಕೈಬಿಡಬಾರದು. ಥಲಸೀಮಿಯಾ ಇರುವವರಿಗೆ, ದೇಹದಲ್ಲಿ ಕಬ್ಬಿಣ ಸಂಗ್ರಹವಾಗುವ ವ್ಯಾಧಿಯುಳ್ಳವರಿಗೆ ಈ ಪಾತ್ರೆ ಹಿತವೂ ಅಲ್ಲ.

'ಕಬ್ಬಿಣ ಹಳೆಯದಾದಷ್ಟೂ ಶ್ರೇಷ್ಠವೆಂದು ಆಯುರ್ವೇದವೇ ಹೇಳಿದೆಯಲ್ಲ' ಎಂದು ಕೆಲವರು ಕೇಳುತ್ತಾರೆ. ಅದು ಮಂಡೂರದ ಮಾತು. ಕಬ್ಬಿಣ ಕಾಯಿಸುವಲ್ಲಿ ಬೀಳುವ ಕಿಟ್ಟವು ನೂರು ವರ್ಷ ಹಳೆಯದಾಗಿದ್ದರೆ ಉತ್ತಮವೆಂದು ರಸಶಾಸ್ತ್ರ ಹೇಳುತ್ತದೆ. ಅಡುಗೆಯ ಪಾತ್ರೆಯ ಬಗೆಗಲ್ಲ. ಚರಕರು ರಸಾಯನ ಪ್ರಕರಣದಲ್ಲಿ ತ್ರಿಫಲಾ ಕಲ್ಕವನ್ನು ಕಬ್ಬಿಣದ ಪಾತ್ರೆಗೆ ಲೇಪಿಸಿ, ಒಂದು ಅಹೋರಾತ್ರಿ ಬಿಟ್ಟು, ಜೇನುನೀರಿನಲ್ಲಿ ಕದಡಿ ಸೇವಿಸಲು ವಿಧಿಸಿದ್ದಾರೆ. ಅಲ್ಲಿ ಪಾತ್ರೆ ಹೊಸದಾಗಿರಬೇಕೆಂದು ಸ್ಪಷ್ಟವಾಗಿ ಹೇಳಿದ್ದಾರೆ. ಇನ್ನು ಔಷಧಕ್ಕೆ ಬಳಸುವ ಲೋಹವನ್ನಾದರೂ ಕಾಯಿಸಿ ಕಾಯಿಸಿ ಎಳ್ಳೆಣ್ಣೆ, ಮಜ್ಜಿಗೆ, ಗೋಮೂತ್ರ, ಕಾಂಜಿ, ಹುರುಳಿ ಕಷಾಯಗಳಲ್ಲಿ ಏಳೇಳು ಬಾರಿ ಅದ್ದಿ ಶೋಧಿಸಿದ ಮೇಲೆಯೇ ಮುಂದಿನ ಸಂಸ್ಕಾರ. ಪೂರ್ವಾಪರ ತಿಳಿಯದ ಲೋಹವನ್ನು ನಮ್ಮ ಶಾಸ್ತ್ರ ಎಂದೂ ಹಾಗೆಯೇ ಒಪ್ಪಿಕೊಂಡಿಲ್ಲ.

ಹರಾಜಿನ ಪಾತ್ರೆಯಲ್ಲಿ ನನಗಿರುವ ನಿಜವಾದ ಆತಂಕ ತುಕ್ಕಿನದಲ್ಲ, ಸೀಸದ್ದು. ಸೀಸವು 327 ಡಿಗ್ರಿ ಸೆಲ್ಸಿಯಸ್‌ನಲ್ಲಿಯೇ ಕರಗುತ್ತದೆ. ಅಮೆರಿಕದಲ್ಲಿ ಬಂದೂಕಿನ ಗುಂಡು, ಗಾಳದ ಭಾರಗಳನ್ನು ಮನೆಯಲ್ಲಿಯೇ ಎರಕ ಹೊಯ್ಯುವ ರೂಢಿ ಬಹುಕಾಲದಿಂದ ಇದ್ದು, ಅದಕ್ಕೆ ಅಡುಗೆಮನೆಯ ಹಳೆಯ ಬೀಡಿನ ಪಾತ್ರೆಗಳನ್ನೇ ಬಳಸಿದವರು ಬಹಳ ಮಂದಿ. ಹಾಗೆ ಬಳಸಿದ ಪಾತ್ರೆಯ ರಂಧ್ರಗಳಲ್ಲಿ ಸೀಸ ಉಳಿದುಬಿಡುತ್ತದೆ. ತಿಕ್ಕಿದರೂ ಸುಟ್ಟರೂ ಅದು ಪೂರ್ತಿ ಹೋಗಿತೆಂದು ನಂಬುವಂತಿಲ್ಲ. ಸುಡುವುದರಿಂದ ಹೊಗೆಯ ಅಪಾಯ ಬೇರೆ.

ಸೀಸಕ್ಕೆ ಸುರಕ್ಷಿತ ಪ್ರಮಾಣವೆಂಬುದೇ ತಿಳಿದಿಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ನುಂಗಿದ ಸೀಸದಲ್ಲಿ ವಯಸ್ಕರಿಗಿಂತ ನಾಲ್ಕೈದು ಪಟ್ಟು ಹೆಚ್ಚನ್ನು ಎಳೆಯ ಮಕ್ಕಳ ದೇಹ ಹೀರಿಕೊಳ್ಳುತ್ತದೆ. ಕಬ್ಬಿಣಾಂಶದ ಕೊರತೆಯಿದ್ದರಂತೂ ಹೀರಿಕೆ ಮತ್ತಷ್ಟು ಅಧಿಕ. ಸೀಸವು ರಕ್ತೋತ್ಪತ್ತಿಯನ್ನೂ ಕುಂದಿಸುತ್ತದೆ, ಬುದ್ಧಿಯ ಬೆಳವಣಿಗೆಯನ್ನೂ ಕೆಡಿಸುತ್ತದೆ. ರಕ್ತ ಹೆಚ್ಚಲೆಂದು ತಂದ ಪಾತ್ರೆಯೇ ಅತ್ಯಂತ ದುರ್ಬಲವಾದ ಮಗುವಿಗೆ ಅತ್ಯಂತ ಹೆಚ್ಚು ಹಾನಿ ಮಾಡುವ ಸಂಭವ ಹೀಗಿದೆ. ಆ ತಾಯಿಗೆ ನಾನು ಬರೆದದ್ದು ಇಷ್ಟೇ: ಪಾತ್ರೆಯ ಪರೀಕ್ಷೆಯಾಗುವವರೆಗೆ ಅದನ್ನು ಒಲೆಯ ಮೇಲೆ ಇಡಬೇಡಿರಿ, ಈಗಾಗಲೇ ಬಳಸಿದ್ದರೆ ಮಗುವಿನ ರಕ್ತದಲ್ಲಿ ಸೀಸದ ಪ್ರಮಾಣವನ್ನು ಶಿಶುವೈದ್ಯರಲ್ಲಿ ನೋಡಿಸಿರಿ.

ಒಳಮೈಯಲ್ಲಿ ಮಂಕಾದ ಬೆಳ್ಳಿ-ಬೂದು ಬಣ್ಣದ ಮೆತ್ತಿಗೆ, ಉಗುರಿನಿಂದ ಗೀರಿದರೆ ಹೊಳೆಯುವ ಕಲೆ ಕಂಡರೆ ಕೂಡಲೇ ಬಿಡಬೇಕು. ಏನೂ ಕಾಣದಿದ್ದರೂ ಪರೀಕ್ಷೆ ಬೇಕೇ ಬೇಕು. ಉಜ್ಜಿದಾಗ ಬಣ್ಣ ತಿರುಗುವ ಕಡ್ಡಿಗಳು ಸಿಗುತ್ತವೆ. ಅವನ್ನು ಜಿಡ್ಡು ತೆಗೆದ ಬರಿಯ ಲೋಹದ ಮೇಲೆಯೇ ಪ್ರಯೋಗಿಸಬೇಕು, ಮತ್ತು ಅವು ತಪ್ಪುವುದೂ ಉಂಟು. ಕ್ಷ-ಕಿರಣ ಯಂತ್ರದಿಂದ ಲೋಹ ಪರೀಕ್ಷಿಸುವ ಪ್ರಯೋಗಾಲಯ ಹೆಚ್ಚು ನಂಬಿಕೆಗೆ ಅರ್ಹ. ಬಣ್ಣ ಬಳಿದು ಗೋಡೆಗೆ ತೂಗುಹಾಕಿದ್ದ ಪಾತ್ರೆಗೂ ಇದೇ ನಿಯಮ, ಏಕೆಂದರೆ ಹಳೆಯ ಬಣ್ಣಗಳಲ್ಲಿ ಸೀಸವಿರುತ್ತಿತ್ತು.

ಮುದ್ರೆಯಿಲ್ಲದ್ದೆಂದರೆ ಕೀಳೆಂದಲ್ಲ. 1865ರಲ್ಲಿ ಪೆನ್ಸಿಲ್ವೇನಿಯಾದ ಈರಿ ಪಟ್ಟಣದಲ್ಲಿ ಆರಂಭವಾದ ಗ್ರಿಸ್ವೋಲ್ಡ್, 1891ರಲ್ಲಿ ಒಹಾಯೋದ ಸಿಡ್ನಿಯಲ್ಲಿ ತೊಡಗಿದ ವ್ಯಾಗ್ನರ್, 1896ರಿಂದ ಇಂದಿಗೂ ಟೆನೆಸಿಯಲ್ಲಿ ನಡೆಯುತ್ತಿರುವ ಲಾಡ್ಜ್ ಇವು ಹೆಸರಾಂತ ಕಾರ್ಖಾನೆಗಳು. ಹೆಸರಿಲ್ಲದೆ ಮಾರಾಟವಾದ ಒಳ್ಳೆಯ ಪಾತ್ರೆಗಳೂ ಹೇರಳ. ಬಲ್ಲವರು ಹಿಡಿಯ ಆಕಾರ, ಅಂಕಿಯ ಬರವಣಿಗೆ, ತಳದ ಸುತ್ತಿನ ಬಳೆಯನ್ನು ನೋಡಿ ಮೂಲ ಹೇಳುತ್ತಾರೆ. ಆ ಬಳೆಯಲ್ಲಿ ಮೂರು ಕಡೆ ಕಡಿತವಿದ್ದರೆ ಸಾಮಾನ್ಯವಾಗಿ ಲಾಡ್ಜ್‌ನದು. ತಳದಲ್ಲಿ ಉದ್ದನೆಯ ಗಾಯದ ಗೆರೆಯಂತಹ ಗುರುತು ಇದ್ದರೆ ಹತ್ತೊಂಬತ್ತನೆಯ ಶತಮಾನದ್ದಿರಬಹುದು: ಆಗ ಕರಗಿದ ಲೋಹವನ್ನು ತಳದ ಕಡೆಯಿಂದ ಹೊಯ್ಯುತ್ತಿದ್ದರು. ಇವೆಲ್ಲ ಸಂಗ್ರಾಹಕರ ಸಂತೋಷ. ಆರೋಗ್ಯಕ್ಕೆ ಮುಖ್ಯವಾದುದು ಪಾತ್ರೆ ಯಾರದೆಂಬುದಲ್ಲ, ಅದರಲ್ಲಿ ಏನು ಕಾಯಿಸಿದ್ದರೆಂಬುದು. ಅದನ್ನು ಯಾವ ಮುದ್ರೆಯೂ ಹೇಳದು. ಕೊಳ್ಳುವ ಮುನ್ನ ಒಳಮೈ, ತಳ ಎರಡರ ಚಿತ್ರವನ್ನೂ ಕೇಳಿರಿ. ಬೀಡು ನಮ್ಮ ರೊಟ್ಟಿಯ ತಗಡಿನ ಹಂಚಿನಂತಲ್ಲ, ಬಿದ್ದರೆ ಒಡೆಯುತ್ತದೆ. ತಟ್ಟಿದರೆ ಗಂಟೆಯಂತೆ ನಾದ ಬರಬೇಕು. ಮಂಕು ಸದ್ದು ಬಂದರೆ ಬಿರುಕಿನ ಶಂಕೆ.

ಪರೀಕ್ಷೆಯಲ್ಲಿ ಗೆದ್ದ ಪಾತ್ರೆಯ ಶುದ್ಧಿ ಕಷ್ಟದ್ದಲ್ಲ. ಕರಿಗಟ್ಟಿದ ಹಳೆಯ ಜಿಡ್ಡು ಕಾಸ್ಟಿಕ್ ಸೋಡಾ ದ್ರಾವಣದಲ್ಲಿ ಕೆಲವು ದಿನ ಮುಳುಗಿಸಿಟ್ಟರೆ ಬಿಡುತ್ತದೆ. ಪ್ಲಾಸ್ಟಿಕ್ ತೊಟ್ಟಿಯೇ ಆಗಬೇಕು, ಅಲ್ಯೂಮಿನಿಯಂ ಕೂಡದು; ನೀರಿಗೆ ಸೋಡಾ ಹಾಕಬೇಕೇ ಹೊರತು ಸೋಡಾಕ್ಕೆ ನೀರು ಹೊಯ್ಯಬಾರದು; ಕೈಗವಸು, ಕನ್ನಡಕ ಕಡ್ಡಾಯ, ಮಕ್ಕಳಿಗೆ ಎಟಕಬಾರದು. ತುಕ್ಕಿಗೆ ವಿನೆಗರ್ ಮತ್ತು ನೀರನ್ನು ಸಮನಾಗಿ ಬೆರೆಸಿ ಅರ್ಧ ಗಂಟೆ ನೆನೆಸಿ ತಿಕ್ಕಿದರೆ ಸಾಕು. ರಾತ್ರಿಯೆಲ್ಲ ಬಿಟ್ಟರೆ ಹುಳಿಯು ಕಬ್ಬಿಣವನ್ನೇ ತಿನ್ನುತ್ತದೆ. ವಿದ್ಯುತ್ತಿನಿಂದ ತುಕ್ಕು ಬಿಡಿಸುವ ವಿಧಾನವೂ ಇದೆ. ಅದರಲ್ಲಿ ಸ್ಟೇನ್‌ಲೆಸ್ ಸ್ಟೀಲ್ ಬಳಸಿದರೆ ವಿಷಕಾರಿ ಕ್ರೋಮಿಯಂ ಹುಟ್ಟುವುದರಿಂದ ಬಲ್ಲವರಿಗೇ ಬಿಡುವುದು ಲೇಸು. ಕೆಂಡದಲ್ಲಿ ಹಾಕಿ ಸುಡುವುದು ಬೇಡವೇ ಬೇಡ, ಪಾತ್ರೆ ಸೊಟ್ಟಗಾಗುತ್ತದೆ ಅಥವಾ ಸೀಳುತ್ತದೆ.

ತೊಳೆದ ಕೂಡಲೇ ಒಲೆಯ ಮೇಲೆ ಒಣಗಿಸಿ, ಬಿಸಿಯಿರುವಾಗಲೇ ಎಣ್ಣೆ ಸವರಿ, ಸವರಿದ್ದನ್ನೆಲ್ಲ ಒರೆಸಿ ತೆಗೆಯುತ್ತಿರುವಂತೆ ಬಟ್ಟೆಯಿಂದ ಒರೆಸಬೇಕು. ಉಳಿದ ತೆಳುಪದರವೇ ಸಾಕು. ಓವನ್‌ನಲ್ಲಿ ಬೋರಲಾಗಿಟ್ಟು ಸುಮಾರು 230 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ಗಂಟೆ ಕಾಯಿಸಿ ಅಲ್ಲಿಯೇ ಆರಲು ಬಿಡಿರಿ. ಹೀಗೆ ಮೂರು ನಾಲ್ಕು ಬಾರಿ. ಅಗಸೆ ಎಣ್ಣೆಯನ್ನು ಅಲ್ಲಿ ಬಹಳವಾಗಿ ಹೊಗಳುತ್ತಾರೆ. ಅದರ ಪದರ ಗಟ್ಟಿಯಾದರೂ ಎಷ್ಟೋ ವೇಳೆ ಸಿಪ್ಪೆಯೇಳುತ್ತದೆ. ನಮ್ಮ ಕುಸುಬೆ ಎಣ್ಣೆ ಸಾಕು. ಮೊದಲ ಕೆಲವು ವಾರ ದೋಸೆ, ಒಗ್ಗರಣೆಯಂತಹ ಎಣ್ಣೆಯುಳ್ಳ ಅಡುಗೆ ಮಾಡಿ, ಅನಂತರ ಜೋಳದ ರೊಟ್ಟಿಗೆ ಇಳಿಯಬಹುದು. ಹುಣಸೆ, ಟೊಮ್ಯಾಟೊ ಹಾಕಿದ ಸಾರು ಪಾತ್ರೆ ಚೆನ್ನಾಗಿ ಪಳಗಿದ ಮೇಲಿರಲಿ, ಬೆಂದ ಕೂಡಲೇ ಬೇರೆ ಪಾತ್ರೆಗೆ ಬಗ್ಗಿಸಿರಿ. ಪರೀಕ್ಷೆಯಲ್ಲಿ ಸೀಸ ಕಂಡ ಪಾತ್ರೆಯನ್ನು ಮರಳಿ ಹರಾಜಿಗೆ ಇಡದೆ, ಕಾರಣವನ್ನು ಚೀಟಿಯಲ್ಲಿ ಬರೆದು ಅಂಟಿಸಿ, ಅಪಾಯಕಾರಿ ವಸ್ತುಗಳನ್ನು ಸಂಗ್ರಹಿಸುವ ಅಲ್ಲಿನ ಸ್ಥಳೀಯ ಕೇಂದ್ರಕ್ಕೆ ಒಪ್ಪಿಸಿರಿ.