ಎರಡಕ್ಷರದ ಅಂತರ

ರೋಗಕ್ಕೆ ಊರೊಂದರ ಹೆಸರು ಅಂಟಿಕೊಂಡರೆ ಅದನ್ನು ಆ ಊರಿನ ದುರದೃಷ್ಟವೆಂದೇ ಹೇಳಬೇಕು. ಹಿಮಾಲಯದ ಕುಮಾವೂಂ ಸೀಮೆಯಲ್ಲಿ ರಾಣೀಖೇತವೆಂಬ ಗಿರಿಧಾಮವಿದೆ. ರಾಣಿಯ ಹೊಲವೆಂದು ಆ ಮಾತಿನ ಅರ್ಥ. ಅಂಥ ರಮ್ಯಸ್ಥಾನದ ಹೆಸರನ್ನು ನಮ್ಮ ದೇಶದ ಕೋಳಿ ಸಾಕುವವರು ಉಚ್ಚರಿಸುವುದು ಮಾತ್ರ ಭಯದಿಂದ. 1926ರಲ್ಲಿ ಜಾವಾ ದ್ವೀಪದಲ್ಲಿಯೂ ಇಂಗ್ಲೆಂಡಿನ ನ್ಯೂಕ್ಯಾಸಲ್ ಪಟ್ಟಣದ ಬಳಿಯಲ್ಲಿಯೂ ಕಾಣಿಸಿಕೊಂಡ ಕೋಳಿಯ ಮಾರಿ, ಅದೇ ಕಾಲದ ಸುಮಾರಿಗೆ ರಾಣೀಖೇತದಲ್ಲಿಯೂ ಗುರುತಾಯಿತು. ಡಾಯ್ಲ್ ಎಂಬ ವಿಜ್ಞಾನಿ ತಾತ್ಕಾಲಿಕವಾಗಿ ಇಟ್ಟ ‘ನ್ಯೂಕ್ಯಾಸಲ್ ರೋಗ’ವೆಂಬ ಹೆಸರು ಲೋಕದಲ್ಲಿ ಸ್ಥಿರವಾಯಿತು, ಭಾರತದಲ್ಲಿ ರಾಣೀಖೇತವೇ ನಿಂತಿತು. ನಮ್ಮ ಕಡೆಯ ಹಳ್ಳಿಗರು ಇದನ್ನು ಕೊಕ್ಕರೆ ರೋಗವೆನ್ನುತ್ತಾರೆ.

ರೋಗ ತಗುಲಿದ ಕೋಳಿ ಬಾಯ್ದೆರೆದು ಏದುತ್ತದೆ, ಹಸಿರಾಗಿ ಭೇದಿಯಾಗುತ್ತದೆ, ರೆಕ್ಕೆ ಜೋಲುತ್ತದೆ, ಕತ್ತು ತಿರುಚಿಕೊಳ್ಳುತ್ತದೆ. ಉಗ್ರರೂಪದಲ್ಲಿ ಬಂದರೆ ಲಸಿಕೆ ಕಾಣದ ಹಿಂಡಿನಲ್ಲಿ ಉಳಿಯುವುವು ವಿರಳ. ನನ್ನ ತರಗತಿಯಲ್ಲಿ ಕುಳಿತ ಹಳ್ಳಿಯ ಮಕ್ಕಳಲ್ಲಿ ಕೆಲವರ ಪುಸ್ತಕದ ಹಣ, ತಾಯಿ ಹಿತ್ತಿಲಲ್ಲಿ ಸಾಕಿದ ಹತ್ತೋ ಹನ್ನೆರಡೋ ಕೋಳಿಗಳಿಂದ ಬಂದುದು. ಅಂಥ ಮನೆಯಲ್ಲಿ ಒಂದು ವಾರದೊಳಗೆ ಗೂಡು ಬರಿದಾಯಿತೆಂದರೆ ಬೆಳೆಯೊಂದು ಕೈಬಿಟ್ಟಂತೆಯೇ ಸರಿ.

ಆದರೆ ಇದೇ ವೈರಾಣು ಕೆಲವೊಮ್ಮೆ ಬಂದದ್ದೇ ತಿಳಿಯದಂತೆ ಬಂದು ಹೋಗುವುದುಂಟು. ಒಂದೇ ಕುಲದಲ್ಲಿ ಸಾಧುವೂ ಘಾತುಕನೂ ಹುಟ್ಟುವುದು ಹೇಗೆ? ಕನ್ನಡ ಪಾಠ ಹೇಳುವ ನನಗೆ ಈ ಪ್ರಶ್ನೆಯಲ್ಲಿ ಆಸಕ್ತಿ ಮೂಡಿದ್ದು, ಇದರ ಉತ್ತರ ಅಕ್ಷರಗಳಲ್ಲಿಯೇ ಇದೆಯೆಂದು ತಿಳಿದಾಗ.

ಈ ವೈರಾಣುವಿನ ಇಡೀ ಗ್ರಂಥ ಆರ್‌ಎನ್‌ಎ ಎಂಬ ಒಂದೇ ಎಳೆಯ ಮೇಲೆ ಬರೆದ ಸುಮಾರು 15,000 ಅಕ್ಷರಗಳದು. ಅದರಲ್ಲಿ ಆರು ಜೀನುಗಳು. ಅಕ್ಷರಮಾಲೆಯಲ್ಲಿ ನಾಲ್ಕೇ ಅಕ್ಷರಗಳು. ಕೋಳಿಯ ಜೀವಕೋಶದೊಳಗೆ ಇದರ ಪ್ರತಿಗಳಾಗುವಾಗ ಕರಡು ತಿದ್ದುವವರಿಲ್ಲ; ಆದ ತಪ್ಪು ಮುಂದಿನ ಪ್ರತಿಗೆ ಹಾಗೆಯೇ ಇಳಿಯುತ್ತದೆ. ಗ್ರಂಥಸಂಪಾದನೆಯ ಅಭ್ಯಾಸವಿರುವವರಿಗೆ ಈ ಸಂಗತಿ ಪರಿಚಿತವೆನಿಸಬೇಕು. ಒಂದೇ ಬಗೆಯ ಸ್ಖಾಲಿತ್ಯಗಳಿರುವ ಓಲೆಗರಿ ಪ್ರತಿಗಳು ಒಂದೇ ಮಾತೃಕೆಯಿಂದ ಬಂದುವೆಂದು ಊಹಿಸಿ ನಾವು ವಂಶವೃಕ್ಷ ಬರೆಯುತ್ತೇವೆ. ವೈರಾಣುವಿನ ಪಂಡಿತರು ಮಾಡುವುದೂ ಇದನ್ನೇ. 2019ರಲ್ಲಿ ಅವರು ಒಪ್ಪಿದ ವರ್ಗೀಕರಣದಲ್ಲಿ ಈ ಒಂದು ಕುಲಕ್ಕೆ 20ರಷ್ಟು ಶಾಖೆಗಳಿವೆ.

ಬಹುಪಾಲು ತಪ್ಪುಗಳಿಂದ ಏನೂ ಆಗದು. ಇಲ್ಲವೆ ಆ ವೈರಾಣುವೇ ನಾಶವಾಗುತ್ತದೆ. ಆದರೆ ‘ಹಾಲು’ ಎಂಬಲ್ಲಿ ಲಕಾರವು ಳಕಾರವಾದರೆ ‘ಹಾಳು’ ಆಗುವುದಿಲ್ಲವೆ? ಅಂಥ ಮರ್ಮಸ್ಥಾನವೊಂದು ಈ ಗ್ರಂಥದಲ್ಲಿಯೂ ಇದೆ. ಜೀವಕೋಶವನ್ನು ಹೊಗಲು ವೈರಾಣುವಿಗೆ ಬೇಕಾದ ಬೆಸುಗೆಯ ಪ್ರೋಟೀನೊಂದನ್ನು ಮೊದಲು ಕೋಳಿಯ ದೇಹದ ಕಿಣ್ವವೇ ಗೊತ್ತಾದ ಜಾಗದಲ್ಲಿ ಕತ್ತರಿಸಬೇಕು. ಸೌಮ್ಯ ವೈರಾಣುವಿನ ಆ ಜಾಗವನ್ನು ಕತ್ತರಿಸಬಲ್ಲ ಕಿಣ್ವ ಮುಖ್ಯವಾಗಿ ಉಸಿರುದಾರಿಯಲ್ಲಿಯೂ ಕರುಳಿನಲ್ಲಿಯೂ ಇರುವುದರಿಂದ ರೋಗ ಅಲ್ಲಿಗೇ ನಿಲ್ಲುತ್ತದೆ. ಉಗ್ರ ವೈರಾಣುವಿನಲ್ಲಿ ಅದನ್ನು ದೇಹದ ಎಲ್ಲೆಡೆಯ ಕಿಣ್ವಗಳೂ ಕತ್ತರಿಸಬಲ್ಲವು. ಮಿದುಳಿನವರೆಗೂ ದಾರಿ ತೆರೆಯುತ್ತದೆ.

ಇದು ಬರಿಯ ಊಹೆಯಲ್ಲವೆಂಬುದಕ್ಕೆ ಆಸ್ಟ್ರೇಲಿಯ ಸಾಕ್ಷಿ. 1998ರಲ್ಲಿ ಸಿಡ್ನಿಯ ಬಳಿ ಕೋಳಿಗಳಿಗೆ ಉಗ್ರರೋಗ ಬಂದಾಗ ಅಕ್ಷರಗಳನ್ನು ಓದಿ ನೋಡಿದರೆ, ಅದು ಹೊರನಾಡಿನಿಂದ ಬಂದ ಮಾರಿಯಲ್ಲ. ಅಲ್ಲಿಯೇ ನೆಲೆಸಿದ್ದ ಪೀಟ್ಸ್ ರಿಡ್ಜ್ ಎಂಬ ಸೌಮ್ಯ ವೈರಾಣುವಿನ ಸಂತತಿ. ಆ ಮರ್ಮಸ್ಥಾನದಲ್ಲಿ ಎರಡು ಅಕ್ಷರಗಳು ಬದಲಾಗಿದ್ದುವು, ಅಷ್ಟೆ. 1999ರಲ್ಲಿ ಮ್ಯಾಂಗ್ರೋವ್ ಮೌಂಟನ್ ಪ್ರದೇಶದಲ್ಲಿ ರೋಗವನ್ನು ಅಡಗಿಸಲು ಲಕ್ಷಗಟ್ಟಲೆ ಕೋಳಿಗಳನ್ನು ಕೊಲ್ಲಬೇಕಾಯಿತು.

ಹಾಗೆಂದು ಒಂದು ಪದವನ್ನೇ ನೋಡಿ ಕಾವ್ಯವನ್ನು ಅಳೆಯಲಾಗದು. ಕುಮಾವೂಂ ಸೀಮೆಯದೇ ಆದ ಮುಕ್ತೇಶ್ವರದ ಪಶುವೈದ್ಯ ಸಂಶೋಧನ ಸಂಸ್ಥೆಯಲ್ಲಿ 1940ರ ದಶಕದಲ್ಲಿ ಈ ವೈರಾಣುವನ್ನು ಮೊಟ್ಟೆಯ ಭ್ರೂಣಗಳಲ್ಲಿ ಮತ್ತೆ ಮತ್ತೆ ಬೆಳೆಸಿ ಪಳಗಿಸಿದರು. ಅದೇ ಆರ್‌ಟುಬಿ ಲಸಿಕೆ. ಅದರ ಮರ್ಮಸ್ಥಾನದ ಪಾಠ ಉಗ್ರ ವೈರಾಣುವಿನದೇ. ಆದರೂ ಬೆಳೆದ ಕೋಳಿಯನ್ನು ಅದು ಕಾಯುತ್ತದೆ. ಉಗ್ರತೆಯನ್ನು ನಿರ್ಣಯಿಸುವುದರಲ್ಲಿ ಉಳಿದ ಜೀನುಗಳ ಪಾಲೂ ಇದೆಯೆಂದು ಇದರಿಂದ ಸ್ಪಷ್ಟವಾಗುತ್ತದೆ.

ಎಳೆಯ ಮರಿಗಳಿಗೆ ಹಾಕುವ ಲಸೋಟ ಲಸಿಕೆಯೂ 1940ರ ದಶಕದ್ದೇ. ಶಾಖೆಗಳು ಇಷ್ಟು ಕವಲೊಡೆದಿದ್ದರೂ ಈ ಹಳೆಯ ಲಸಿಕೆಗಳು ಸರಿಯಾಗಿ ಹಾಕಿದಲ್ಲಿ ಇಂದಿಗೂ ಸಾವನ್ನು ತಡೆಯುತ್ತವೆ. ಆದರೆ ವೈರಾಣುವಿನ ಪ್ರಸಾರವನ್ನು ಪೂರ್ತಿಯಾಗಿ ತಡೆಯಲಾರವು. ಲಸಿಕೆ ಪಡೆದ ಕೋಳಿ ಆರೋಗ್ಯವಾಗಿ ಕಾಣುತ್ತಲೇ ಹೊಸ ಶಾಖೆಯ ವೈರಾಣುವನ್ನು ಹೊರಚೆಲ್ಲಬಹುದು. ಸಾವಿರಾರು ಕೋಳಿಗಳು ಒತ್ತಾಗಿರುವ ಫಾರಮ್ಮಿನಲ್ಲಿ ಅದು ಗಮನಕ್ಕೆ ಬಾರದೆ ಹೋಗಬಹುದು. ನೆರೆಯ ಹಿತ್ತಿಲಿನ ಲಸಿಕೆಯಿಲ್ಲದ ಹತ್ತು ಕೋಳಿಗಳು ಅದರ ಬೆಲೆ ತೆರುತ್ತವೆ.

ಆದುದರಿಂದ ಎರಡು ಕೆಲಸಗಳು ಒಟ್ಟಿಗೆ ನಡೆಯಬೇಕು. ಯಾವ ಸೀಮೆಯಲ್ಲಿ ಯಾವ ಪಾಠ ಸಂಚರಿಸುತ್ತಿದೆಯೆಂದು ಪ್ರಯೋಗಶಾಲೆಗಳು ಬಿಡದೆ ಓದುತ್ತಿರಬೇಕು. ಓದಿದುದರ ಫಲ ಹಿತ್ತಿಲನ್ನೂ ಮುಟ್ಟಬೇಕು. ಎರಡನೆಯದು ಅಸಾಧ್ಯವೇನಲ್ಲ. ಆಸ್ಟ್ರೇಲಿಯದವರೇ ಅಲ್ಲಿನ ಸೌಮ್ಯ ವೈರಾಣುವೊಂದರಿಂದ ಬಿಸಿಲನ್ನು ಒಂದಿಷ್ಟು ತಾಳಬಲ್ಲ ಐ-2 ಎಂಬ ಲಸಿಕೆಯನ್ನು ಹಳ್ಳಿಯ ಕೋಳಿಗಳಿಗೆಂದೇ ಸಿದ್ಧಪಡಿಸಿದ್ದಾರೆ. ಕಣ್ಣಿಗೊಂದು ಹನಿ ಬಿಟ್ಟರೆ ಸಾಕು. ಎರಡಕ್ಷರದ ತಪ್ಪನ್ನು ನಾವು ತಪ್ಪಿಸಲಾರೆವು. ಆ ಒಂದು ಹನಿ ಸಕಾಲಕ್ಕೆ ಬೀಳುವಂತೆ ನೋಡಿಕೊಳ್ಳುವುದು ಮಾತ್ರ ನಮ್ಮ ಕೈಯಲ್ಲಿದೆ.